ಮೊಬೈಲ್ ಸತ್ತ ದಿನ ಯಾರ ಹತ್ತಿರ ಮಾತಾಡಬೇಕು? ಹ್ಯಾಮ್ ರೇಡಿಯೊಗೆ ಇಳಿಯುವ ಮುಂಚೆ

ಲೈಸೆನ್ಸ್ ತಗೊಂಡು ಸ್ವಂತ ರೇಡಿಯೊ ಸೆಟ್‌ನಲ್ಲಿ ಬೇರೆಯವರ ಜೊತೆ ಮಾತಾಡುವ ಹವ್ಯಾಸವೇ ಹ್ಯಾಮ್ ರೇಡಿಯೊ, ಆ ಹವ್ಯಾಸಿಗಳೇ ಹ್ಯಾಮ್‌ಗಳು. ಇದನ್ನು ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು ಒಂದೇ: "ಯಾವ ಸೆಟ್ ತಗೊಳ್ಳಲಿ?" ನಾನೂ ಹಾಗೇ ಕೇಳಿದ್ದೆ. ಲೈಸೆನ್ಸ್ ಕೈಗೆ ಬಂದ ವಾರವೇ ಆನ್‌ಲೈನ್‌ನಲ್ಲಿ ಎರಡು ಸಾವಿರ ಚಿಲ್ಲರೆ ಕೊಟ್ಟು ಒಂದು ಚೀನಾ ಹ್ಯಾಂಡಿ ತರಿಸಿದ್ದೆ. ಹ್ಯಾಂಡಿ ಅಂದರೆ ಕೈಯಲ್ಲಿ ಹಿಡಿಯುವ ವಾಕಿಟಾಕಿ. ಬೆಂಗಳೂರಿನ ನಮ್ಮ ಮೂರನೇ ಮಹಡಿಯ ತಾರಸಿಯಲ್ಲಿ ನಿಂತು ಮಾತಾಡಿದರೆ ಊರಿನ ಆ ತುದಿಯವರೂ ಸಿಗುತ್ತಿದ್ದರು. ಖುಷಿಯೋ ಖುಷಿ.

ಆಮೇಲೆ ಮಳೆಗಾಲದಲ್ಲಿ ಅದನ್ನು ಸಾಗರದ ಹತ್ತಿರದ ನಮ್ಮ ಮನೆಗೆ ಒಯ್ದೆ. ಮರ ಬಿದ್ದು ಕರೆಂಟ್ ಹೋಯಿತು. ಎರಡನೇ ದಿನಕ್ಕೆ ಟವರಿನ ಬ್ಯಾಟರಿಯೂ ಖಾಲಿಯಾಗಿ ಮೊಬೈಲ್ ಸತ್ತಿತು. ನಾನು ಹೀರೋ ಥರ ಹ್ಯಾಂಡಿ ಹಿಡಿದು ಅಂಗಳಕ್ಕೆ ಇಳಿದೆ. ಸುಂಯ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಅಪ್ಪಯ್ಯ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ, "ಯಾರೂ ಮಾತಾಡ್ತಾ ಇಲ್ಯನಾ?" ಅಂತ ಕೇಳಿದರು. ಸೆಟ್‌ನಲ್ಲಿ ದೋಷ ಇರಲಿಲ್ಲ. ನಮ್ಮ ಮನೆ ಇರುವುದು ತೋಟದ ತಲೆಯಲ್ಲಿ, ಮೂರು ಕಡೆ ಗುಡ್ಡ. ಗುಡ್ಡ ಅಡ್ಡ ಇತ್ತು, ಅಷ್ಟೇ.

ಈಗ ಯಾರಾದರೂ ಸೆಟ್ ಬಗ್ಗೆ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮೊಬೈಲ್ ಸತ್ತ ದಿನ ನೀವು ಯಾರ ಹತ್ತಿರ ಮಾತಾಡಬೇಕು? ನಿಮ್ಮಿಬ್ಬರ ನಡುವೆ ಏನಿದೆ: ಬಯಲಾ, ಕಟ್ಟಡಗಳಾ, ಗುಡ್ಡವಾ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಬರೀ ಹವ್ಯಾಸಕ್ಕೆ ಅಂತ ಬರುವವರಿಗೂ ಇದೇ ಲೆಕ್ಕ ಕೆಲಸಕ್ಕೆ ಬರುತ್ತದೆ.

ಮೊದಲು ಕಿವಿ

ದುಡ್ಡು ಖರ್ಚು ಮಾಡದೆ ಶುರು ಮಾಡಬಹುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ಒಂದು ರಿಸೀವರನ್ನು ಇಂಟರ್‌ನೆಟ್‌ಗೆ ಜೋಡಿಸಿದ್ದಾರೆ. ಮೊಬೈಲಿನ ಬ್ರೌಸರಿನಲ್ಲೇ ಅದನ್ನು ತಿರುಗಿಸಿ ಯುರೋಪಿನ ಹ್ಯಾಮ್‌ಗಳ ಮಾತು ಕೇಳಬಹುದು. ಇಂಥವನ್ನು ವೆಬ್‌ಎಸ್‌ಡಿಆರ್ ಅನ್ನುತ್ತಾರೆ. ಎರಡು ಸಂಜೆ ಕೇಳಿದರೆ ಸಾಕು, ಈ ಹವ್ಯಾಸ ನಿಮಗೆ ರುಚಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕೆಲವರಿಗೆ ಹತ್ತೇ ನಿಮಿಷಕ್ಕೆ ಬೇಜಾರಾಗುತ್ತದೆ. ಅದರಲ್ಲೇನೂ ತಪ್ಪಿಲ್ಲ, ದುಡ್ಡು ಉಳಿಯಿತಲ್ಲ.

ಸ್ವಂತ ಆಂಟೆನಾದಲ್ಲೇ ಕೇಳಬೇಕು ಅಂದರೆ ಆರ್‌ಟಿಎಲ್ ಎಸ್‌ಡಿಆರ್ ಅನ್ನುವ ಡಾಂಗಲ್ ಇದೆ. ಪೆನ್‌ಡ್ರೈವ್ ಗಾತ್ರದ್ದು, ಲ್ಯಾಪ್‌ಟಾಪಿಗೆ ಚುಚ್ಚಿದರೆ ರಿಸೀವರ್ ಆಗುತ್ತದೆ. ನೋಡಿಕೊಂಡು ತಗೊಂಡರೆ ಮೂರು ನಾಲ್ಕು ಸಾವಿರದಲ್ಲಿ ಮುಗಿಯುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆ ಮೇಲೆ ಹೋಗುವಾಗ 145.800 ಮೆಗಾಹರ್ಟ್ಜ್‌ನಲ್ಲಿ ಆಗಾಗ ಗಗನಯಾತ್ರಿಗಳು ಶಾಲೆ ಮಕ್ಕಳ ಜೊತೆ ಮಾತಾಡುತ್ತಾರೆ, ಕೆಲವೊಮ್ಮೆ ಚಿತ್ರಗಳನ್ನೂ ಕಳಿಸುತ್ತಾರೆ. ಚಿತ್ರ ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಮೂಡುವುದನ್ನು ಮಕ್ಕಳಿಗೆ ತೋರಿಸಿ ನೋಡಿ. ಆಮೇಲೆ ಡಾಂಗಲ್ ನಿಮ್ಮ ಕೈಗೆ ಸಿಗುವುದಿಲ್ಲ.

ಆದರೆ ತುರ್ತಿಗೆ ಬರೀ ಕಿವಿ ಸಾಲದು. ಸುದ್ದಿ ಗೊತ್ತಾಗುತ್ತದೆ, ನಿಮ್ಮ ಸುದ್ದಿ ಆಚೆ ಹೋಗುವುದಿಲ್ಲ.

ಲೈಸೆನ್ಸ್ ಬೇಡದ ಪೆಟ್ಟಿಗೆಗಳು

"ಪರೀಕ್ಷೆ ಗಿರೀಕ್ಷೆ ಯಾರಿಗೆ ಬೇಕು, ಸುಮ್ನೆ ವಾಕಿಟಾಕಿ ತಗೊಂಡರೆ ಆಗಲ್ವಾ?" ಅಂತ ಕೇಳುವವರು ಜಾಸ್ತಿ. ಆಗುತ್ತದೆ, ಆದರೆ ಎಲ್ಲ ವಾಕಿಟಾಕಿಯೂ ಅಲ್ಲ. ನಮ್ಮ ದೇಶದಲ್ಲಿ 446.0 ರಿಂದ 446.2 ಮೆಗಾಹರ್ಟ್ಜ್ ನಡುವೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ವಿನಾಯಿತಿ ಇದೆ. ಅಪಾರ್ಟ್‌ಮೆಂಟಿನ ಗೇಟಿನಿಂದ ತಾರಸಿಗೆ, ಚಾರಣದಲ್ಲಿ ಮುಂದೆ ಹೋದವರಿಂದ ಹಿಂದೆ ಉಳಿದವರಿಗೆ, ಜಾತ್ರೆಯಲ್ಲಿ ಸ್ವಯಂಸೇವಕರ ನಡುವೆ ಇವು ಚೆನ್ನಾಗಿವೆ. ಡಬ್ಬಿ ಮೇಲೆ ಎಷ್ಟೇ ಕಿಲೋಮೀಟರ್ ಅಂತ ಬರೆದಿರಲಿ, ಊರೊಳಗೆ ಒಂದು ಕಿಲೋಮೀಟರ್ ಸಿಕ್ಕರೆ ಸಮಾಧಾನ ಪಟ್ಟುಕೊಳ್ಳಿ.

ಎಚ್ಚರ ಬೇಕಿರುವುದು ಇಲ್ಲಿ. ಆನ್‌ಲೈನ್‌ನಲ್ಲಿ ಯಾವ ಫ್ರೀಕ್ವೆನ್ಸಿ ಅಂತಲೇ ಹೇಳದೆ "ಲೈಸೆನ್ಸ್ ಬೇಡ" ಅಂತ ಮಾರುವವರು ಇದ್ದಾರೆ. ಇದು ಎಷ್ಟು ಅತಿಯಾಗಿತ್ತು ಅಂದರೆ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದಕ್ಕೆಂದೇ ಮಾರ್ಗಸೂಚಿ ತರಬೇಕಾಯಿತು. ಹ್ಯಾಮ್ ಬ್ಯಾಂಡಿನ, ಅಂದರೆ ಹ್ಯಾಮ್‌ಗಳಿಗೆ ಕೊಟ್ಟ ಫ್ರೀಕ್ವೆನ್ಸಿಗಳ, ಹ್ಯಾಂಡಿಯಲ್ಲಿ ಮಾತಾಡುವ ಗುಂಡಿಯನ್ನು ಲೈಸೆನ್ಸ್ ಇಲ್ಲದೆ ಒತ್ತುವುದು ಅಪರಾಧ. ಅದೇ ಸೆಟ್ ಪೊಲೀಸ್ ಚಾನೆಲ್ಲಿಗೂ ತಿರುಗುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ.

ಇತ್ತೀಚೆಗೆ ಹುಡುಗರು ಮೆಶ್‌ಟಾಸ್ಟಿಕ್ ಹಿಡಿದಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಬೋರ್ಡು, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಣೆ. ಲೈಸೆನ್ಸ್ ಬೇಡದ 865 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಬರೀ ಅಕ್ಷರದ ಮೆಸೇಜ್ ಕಳಿಸುತ್ತದೆ. ಒಬ್ಬರ ಮೆಸೇಜನ್ನು ಇನ್ನೊಬ್ಬರ ಬೋರ್ಡು ಮುಂದಕ್ಕೆ ದಾಟಿಸುತ್ತದೆ. ನನಗೆ ಇದು ಇಷ್ಟ. ಬ್ಯಾಟರಿ ತುಂಬಾ ಹೊತ್ತು ಬರುತ್ತದೆ, ಗುಟ್ಟಿನ ಮಾತೂ ಆಡಬಹುದು. ಹ್ಯಾಮ್‌ನಲ್ಲಿ ಅದು ಆಗುವುದಿಲ್ಲ. ಅಲ್ಲಿ ಎಲ್ಲ ಬಟಾಬಯಲು, ಗುಟ್ಟಿನ ಸಂಕೇತ ಭಾಷೆ ನಿಷೇಧ, ವ್ಯಾಪಾರದ ಮಾತೂ ನಿಷೇಧ. ಆದರೆ ಮೆಶ್ ಅನ್ನುವುದು ಹೆಸರೇ ಹೇಳುವ ಹಾಗೆ ಬಲೆ. ನಿಮ್ಮ ಕೇರಿಯಲ್ಲಿ ನಾಲ್ಕು ಜನ ಇಟ್ಟುಕೊಂಡರೆ ಮಾತ್ರ ಉಪಯೋಗ. ಒಬ್ಬರೇ ತಗೊಂಡು ಕೂತರೆ ಒಂದೇ ಗಂಟಿನ ಬಲೆಯಲ್ಲಿ ಮೀನು ಹಿಡಿಯಲು ಹೋದ ಹಾಗೆ.

ಪರೀಕ್ಷೆ: ರಿಸ್ಟ್ರಿಕ್ಟೆಡ್ ಸಾಕಾ, ಜನರಲ್ ಬೇಕಾ

ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಪರೀಕ್ಷೆ ನಡೆಸುವುದು ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿ ಹಾಕುವುದು ಸರಳ ಸಂಚಾರ್ ಪೋರ್ಟಲ್‌ನಲ್ಲಿ.

ಎರಡು ದರ್ಜೆ ಇವೆ. ರಿಸ್ಟ್ರಿಕ್ಟೆಡ್‌ಗೆ ರೇಡಿಯೊ ತತ್ವ ಮತ್ತು ನಿಯಮಗಳ ಪರೀಕ್ಷೆ. ಪ್ರತಿ ಭಾಗದಲ್ಲಿ ಶೇಕಡಾ 40, ಒಟ್ಟು 50 ಬಂದರೆ ಪಾಸು. ಜನರಲ್‌ಗೆ ಅದೇ ಪಾಠ ಸ್ವಲ್ಪ ಆಳ, ಶೇಕಡಾ 50 ಮತ್ತು ಒಟ್ಟು 55, ಜೊತೆಗೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್, ಅಂದರೆ ಅಕ್ಷರಗಳ ಬದಲು ಚುಕ್ಕೆ ಗೆರೆಗಳ ಸದ್ದು, ಕಳಿಸಿ, ಕೇಳಿ ಬರೆಯಬೇಕು. ರಿಸ್ಟ್ರಿಕ್ಟೆಡ್ ಆದವರ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಅವರನ್ನು ಗುರುತಿಸುವ ಹೆಸರು, ವಿಯು3 ಅಂತ ಶುರುವಾಗುತ್ತದೆ, ಜನರಲ್‌ನವರದು ವಿಯು2. ರಾಜೀವ್ ಗಾಂಧಿಯವರದು ವಿಯು2ಆರ್‌ಜಿ ಆಗಿತ್ತು.

ಜನ ಇಲ್ಲಿ ತಪ್ಪು ತಿಳಿಯುತ್ತಾರೆ. ರಿಸ್ಟ್ರಿಕ್ಟೆಡ್ ಅಂದರೆ ಊರೊಳಗೆ ಮಾತ್ರ ಮಾತಾಡುವುದು ಅಂದುಕೊಳ್ಳುತ್ತಾರೆ. ಹಾಗಿಲ್ಲ. ವಿಯು3ನವರೂ ಎಚ್‌ಎಫ್‌ನಲ್ಲಿ, ಅಂದರೆ ಹಳೇ ಭಾಷೆಯ ಶಾರ್ಟ್‌ವೇವ್‌ನಲ್ಲಿ, ಹೊರದೇಶಕ್ಕೂ ಮಾತಾಡಬಹುದು. ಎಚ್‌ಎಫ್‌ನಲ್ಲಿ ಅವರಿಗೆ 50 ವಾಟ್ ಮಿತಿ, ಜನರಲ್‌ನವರಿಗೆ 400. ಐವತ್ತು ವಾಟ್ ಕಡಿಮೆ ಅನ್ನಿಸಬಹುದು. ನಾನು ಹತ್ತೇ ವಾಟ್‌ನಲ್ಲಿ ದಿಲ್ಲಿಯವರ ಜೊತೆ ಮಾತಾಡಿದ್ದೇನೆ. ಆಂಟೆನಾ ಚೆನ್ನಾಗಿದ್ದರೆ ವಾಟ್ ಲೆಕ್ಕ ಆಮೇಲೆ.

ನನ್ನ ಅಭಿಪ್ರಾಯ: ಮೊದಲು ರಿಸ್ಟ್ರಿಕ್ಟೆಡ್ ಬರೆಯಿರಿ. ಮೋರ್ಸ್ ಕಲಿತೇ ಬರೆಯುತ್ತೇನೆ ಅಂತ ಎರಡು ವರ್ಷ ತಳ್ಳಿ, ಕೊನೆಗೆ ಯಾವುದನ್ನೂ ಬರೆಯದವರನ್ನು ಕಂಡಿದ್ದೇನೆ. ಆದರೆ ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಮಾತು ಬೇರೆ. ಅವರಿಗೆ ಮೋರ್ಸ್ ಆಟದ ಹಾಗೆ, ತಿಂಗಳು ಎರಡು ತಿಂಗಳಲ್ಲಿ ಹಿಡಿಯುತ್ತಾರೆ. ಅವರು ನೇರ ಜನರಲ್ ಬರೆಯಲಿ. ನೀವು ಕಲಿಯುವುದಾದರೂ ಚುಕ್ಕೆ ಗೆರೆಗಳ ಪಟ್ಟಿ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಬೇಡಿ. ಕಿವಿಯಿಂದಲೇ ಕಲಿಯಿರಿ. ತಾಳ ಎಣಿಸಿ ಎಣಿಸಿ ಯಾರೂ ಹಾಡು ಕಲಿಯುವುದಿಲ್ಲ, ಅಲ್ವಾ?

ನಾನು ತೆಗೆದುಕೊಂಡಾಗ ಲೈಸೆನ್ಸ್ ಶುಲ್ಕ 20 ವರ್ಷಕ್ಕೆ 1000 ರೂಪಾಯಿ, ಜೀವನಪೂರ್ತಿಗೆ 2000 ಇತ್ತು. ಅರ್ಜಿ ಹಾಕುವ ದಿನದ ದರವನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಪಾಸಾದ ಮೇಲೆ ಹಿನ್ನೆಲೆ ಪರಿಶೀಲನೆ ಎಲ್ಲ ಮುಗಿದು ಕಾಲ್‌ಸೈನ್ ಬರಲು ತಿಂಗಳುಗಟ್ಟಲೆ ಆಗುತ್ತದೆ. ಆ ಹೊತ್ತಿನಲ್ಲಿ ಆಂಟೆನಾ ಕಟ್ಟಿ.

ಒಬ್ಬರೇ ಓದಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ಬಿಗೆ ದಶಕಗಳ ಇತಿಹಾಸ ಇದೆ. ಮಂಗಳೂರಿನಲ್ಲೂ ಕ್ಲಬ್ ಇದೆ. ಇಸ್ರೋ ಉಪಗ್ರಹ ಕೇಂದ್ರದವರಿಗೆ ತಮ್ಮದೇ ಆದ ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್ ಉಂಟು. 2005ರ ಮೇ 5ರಂದು ಹ್ಯಾಮ್‌ಗಳಿಗೆಂದೇ ಹಾರಿದ ಹ್ಯಾಮ್‌ಸ್ಯಾಟ್ ಸಿದ್ಧವಾದದ್ದು ಬೆಂಗಳೂರಿನಲ್ಲೇ. 42.5 ಕಿಲೋ ತೂಕದ ಆ ಪೆಟ್ಟಿಗೆ 2014ರವರೆಗೂ ಕೆಲಸ ಮಾಡಿತು. ಕ್ಲಬ್ಬಿಗೆ ಹೋದರೆ ಇನ್ನೊಂದು ಲಾಭ: ನಿಮ್ಮ ಓಣಿಯಿಂದ ಯಾವ ಬ್ಯಾಂಡ್ ಕೇಳುತ್ತದೆ, ಯಾವ ರಿಪೀಟರ್ (ಒಬ್ಬರ ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ಸೆಟ್) ಸಿಗುತ್ತದೆ ಅನ್ನುವುದು ಅಲ್ಲಿನವರಿಗೇ ಗೊತ್ತಿರುತ್ತದೆ.

ಹ್ಯಾಂಡಿಯೋ, ತಂತಿಯೋ

ಅಸಲಿ ಆಯ್ಕೆ ಇದು. ಬ್ಯಾಂಡಿಗೆ ಹೆಸರು ಅದರ ಅಲೆಯ ಉದ್ದದಿಂದ. ಎರಡು ಮೀಟರ್ ಬ್ಯಾಂಡ್, ಅಂದರೆ 144 ರಿಂದ 146 ಮೆಗಾಹರ್ಟ್ಜ್, ಹೆಚ್ಚುಕಡಿಮೆ ಅಡ್ಡ ಇಲ್ಲದೆ ಕಣ್ಣು ಹೋಗುವಷ್ಟು ದೂರ ಮಾತ್ರ ಹೋಗುತ್ತದೆ. ಗುಡ್ಡದ ಮೇಲೆ ರಿಪೀಟರ್ ಇದ್ದರೆ ಅದು ನಿಮ್ಮ ಐದು ವಾಟ್‌ನ ಮಾತನ್ನು ಎತ್ತಿಕೊಂಡು ಸುತ್ತ ಎಸೆಯುತ್ತದೆ. ರಿಪೀಟರ್ ಇಲ್ಲದೆ, ಊರೊಳಗೆ ಕೈಯಿಂದ ಕೈಗೆ ಅಂದರೆ ಎರಡು ಮೂರು ಕಿಲೋಮೀಟರ್ ಅಂದುಕೊಳ್ಳಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬಳ್ಳಾರಿ ಕಡೆಯ ಬಯಲಿನಲ್ಲಿದ್ದು, ಮಾತಾಡಬೇಕಾದವರೂ ಅದೇ ಊರಿನಲ್ಲಿದ್ದರೆ ಹ್ಯಾಂಡಿಯೇ ಸರಿ. ಕಡಿಮೆ ಖರ್ಚು, ಜೇಬಿಗೆ ಬರುತ್ತದೆ.

ಜೊತೆಗೆ ಬರುವ ರಬ್ಬರ್ ಆಂಟೆನಾವನ್ನು ಮಾತ್ರ ನಂಬಬೇಡಿ. ಸುಮಾರು 49 ಸೆಂಟಿಮೀಟರಿನ ಒಂದು ತಾಮ್ರದ ತಂತಿ ನೆಟ್ಟಗೆ ಮೇಲಕ್ಕೆ, ಬುಡದಲ್ಲಿ ಅಷ್ಟೇ ಉದ್ದದ ನಾಲ್ಕು ತಂತಿ ಛತ್ರಿ ಕಡ್ಡಿಯ ಹಾಗೆ ಇಳಿಬಿಟ್ಟು. ಅಲ್ಲಿಂದ ಕೋಆಕ್ಸ್ ಕೇಬಲ್ ಕೆಳಗೆ ಮನೆಯೊಳಕ್ಕೆ. ಅದನ್ನು ತಾರಸಿಯಲ್ಲಿ ಒಂದು ಪಿವಿಸಿ ಪೈಪಿಗೆ ಕಟ್ಟಿದರೆ ಅದೇ ಹ್ಯಾಂಡಿ ಬೇರೆಯೇ ಸೆಟ್ ಆಗುತ್ತದೆ. ಸೆಟ್‌ಗೆ ಹತ್ತು ಸಾವಿರ ಹಾಕುವ ಬದಲು ಆಂಟೆನಾಗೆ ಒಂದು ಸಾವಿರ ಹಾಕಿ. ಇನ್ನೊಂದು ಮಾತು: ರಿಪೀಟರಿಗೂ ಕರೆಂಟ್ ಬೇಕು. ಅದರ ಬ್ಯಾಟರಿ ಮುಗಿದ ದಿನ ಮತ್ತೆ ಕೈಯಿಂದ ಕೈಗೇ.

ಮಲೆನಾಡು, ಕೊಡಗು, ಘಟ್ಟದ ಕೆಳಗಿನವರಿಗೆ, ಅಥವಾ ಮಾತಾಡಬೇಕಾದವರು ನೂರು ಇನ್ನೂರು ಕಿಲೋಮೀಟರ್ ಆಚೆ ಇದ್ದರೆ, ಹ್ಯಾಂಡಿ ಬಿಟ್ಟುಬಿಡಿ. ನಿಮಗೆ ಬೇಕಾದದ್ದು 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಜ್, ಮತ್ತು ಒಂದು ಉದ್ದದ ತಂತಿ. ಎಚ್‌ಎಫ್ ಅಲೆ ಗುಡ್ಡವನ್ನು ತೂರಿ ಹೋಗುವುದಿಲ್ಲ, ಮೇಲೆ ಹೋಗಿ ಅಯಾನುಗೋಲಕ್ಕೆ, ಅಂದರೆ ವಾತಾವರಣದ ಎತ್ತರದಲ್ಲಿರುವ ವಿದ್ಯುತ್ ಕಣಗಳ ಪದರಕ್ಕೆ, ತಾಗಿ ವಾಪಸ್ ಬೀಳುತ್ತದೆ. ತಂತಿಯನ್ನು ತೀರಾ ಎತ್ತರ ಕಟ್ಟಿದರೆ ಅಲೆ ಓರೆಯಾಗಿ ಹೊರಟು ಸಾವಿರಾರು ಕಿಲೋಮೀಟರ್ ಆಚೆ ಬೀಳುತ್ತದೆ, ಪಕ್ಕದ ಜಿಲ್ಲೆಗೇ ಕೇಳುವುದಿಲ್ಲ. ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೆ ಹೆಚ್ಚು ಪಾಲು ನೆಟ್ಟಗೆ ಮೇಲಕ್ಕೇ ಹೋಗುತ್ತದೆ. ತೋಟದ ಜೆಟ್ಟನ್ನು ನೆಟ್ಟಗೆ ಆಕಾಶಕ್ಕೆ ತಿರುಗಿಸಿದರೆ ನೀರು ಸುತ್ತ ನಾಲ್ಕೂ ಕಡೆ ಬೀಳುತ್ತದಲ್ಲ, ಹಾಗೆ. ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರ್ ಪೂರ್ತಿ ತೊಯ್ಯುತ್ತದೆ, ಎಷ್ಟೇ ಗುಡ್ಡ ಇರಲಿ.

ನಾನು ಮರುವರ್ಷ ಇದನ್ನೇ ಮಾಡಿದೆ. 143 ಅನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, ನಡುವೆ ಕತ್ತರಿಸಿ ಆ ಕಡೆ ಹತ್ತು, ಈ ಕಡೆ ಹತ್ತು. ಮನೆ ವೈರಿಂಗಿಗೆ ತಂದು ಉಳಿದಿದ್ದ ವೈರನ್ನೇ ಹಾಕಿದೆ. ಅಡಿಕೆ ಕೊನೆ ಕೊಯ್ಯಲು ಬಂದಿದ್ದ ಕೊನೆಗೌಡ ನನ್ನ ಪರದಾಟ ನೋಡಿ ನಕ್ಕ. ತನ್ನ ದೋಟಿಯ ತುದಿಗೆ ಹಗ್ಗ ಸಿಕ್ಕಿಸಿ ಹಲಸಿನ ಮರದ ಟೊಂಗೆ ಮೇಲೆ ಒಂದೇ ಸಲಕ್ಕೆ ದಾಟಿಸಿದ. ನಾನು ಕಲ್ಲು ಕಟ್ಟಿ ಎಸೆದು ಎಸೆದು ಬೆಳಗಿನಿಂದ ಆಗದೇ ಇದ್ದ ಕೆಲಸ ಅದು. ಇನ್ನೊಂದು ತುದಿ ಕೊಟ್ಟಿಗೆಯ ಕಂಬಕ್ಕೆ. ವೈರನ್ನು ಲೆಕ್ಕಕ್ಕಿಂತ ಒಂದಡಿ ಉದ್ದವೇ ಬಿಟ್ಟಿದ್ದೆ. ಆಂಟೆನಾ ಫ್ರೀಕ್ವೆನ್ಸಿಗೆ ಎಷ್ಟು ಹೊಂದಿದೆ ಅಂತ ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ (ಒಂದಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) ನೋಡುತ್ತಾ ಎರಡೂ ತುದಿಯಲ್ಲಿ ಬೆರಳುದ್ದ ಬೆರಳುದ್ದ ಕತ್ತರಿಸುತ್ತಾ ಬಂದೆ. ಮುಳ್ಳು ಮೂರರಿಂದ ಇಳಿದು ಒಂದೂವರೆಯ ಕೆಳಗೆ ಬಂದಾಗ ನಿಲ್ಲಿಸಿದೆ. ಕತ್ತರಿಸಿದ ತಂತಿಯನ್ನು ಮತ್ತೆ ಅಂಟಿಸುವುದು ಕಷ್ಟ, ಆತುರ ಬೇಡ. ಸಂಜೆ ಮುಂಚೆ ಮುನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನ ಗೆಳೆಯ ಪಕ್ಕದ ಕೋಣೆಯಲ್ಲಿ ಕೂತ ಹಾಗೆ ಕೇಳಿಸಿದ. ಅಪ್ಪಯ್ಯ ಜಗಲಿಯಿಂದ ಎದ್ದು ಬಂದರು.

ರಾತ್ರಿ ಆದ ಮೇಲೆ ಇದೇ 40 ಮೀಟರ್ ಬ್ಯಾಂಡಿನ ಅಲೆ ದೂರ ದೂರ ಹಾರುತ್ತದೆ. ಶ್ರೀಲಂಕಾ, ಇಂಡೋನೇಷ್ಯಾ ಕೇಳಿಸುತ್ತದೆ, ಶಿವಮೊಗ್ಗ ಮಾಯ. ಆಗ ಹತ್ತಿರದವರಿಗೆ 80 ಮೀಟರ್ ಬ್ಯಾಂಡ್ ಬೇಕು, ತಂತಿಯೂ ಎರಡು ಪಟ್ಟು. ಜಾಗ ಇದ್ದರೆ ಎರಡನ್ನೂ ಕಟ್ಟಿ. ಆದರೆ ಯಾವ ತಂತಿಯೂ ಕರೆಂಟ್ ಲೈನಿನ ಹತ್ತಿರ ಸುಳಿಯಬಾರದು. ಗುಡುಗು ಕೇಳಿದ ತಕ್ಷಣ ಕೇಬಲ್ ಬಿಚ್ಚಿ ಮನೆಯಿಂದ ಹೊರಗೆ ಹಾಕಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ನಾನು ಅದನ್ನು ಜೋಡಿಸಿಯೇ ಇಡುವುದಿಲ್ಲ.

ದೊಡ್ಡ ಅವಘಡಗಳಲ್ಲಿ ಕೆಲಸಕ್ಕೆ ಬಂದದ್ದೂ ಎಚ್‌ಎಫ್. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊದ ಭಾರತಿ ಪ್ರಸಾದ್ ಮತ್ತು ತಂಡ ಪೋರ್ಟ್‌ಬ್ಲೇರಿನಲ್ಲಿತ್ತು. ಹೋಗಿದ್ದು ಹವ್ಯಾಸಕ್ಕೆ. ಅಂಡಮಾನಿನಿಂದ ಹ್ಯಾಮ್ ಮಾತು ಕೇಳುವುದೇ ಅಪರೂಪ, ಅದಕ್ಕೆ ಜಗತ್ತಿನ ಹ್ಯಾಮ್‌ಗಳೆಲ್ಲ ಕಾದು ಕೂತಿದ್ದರು. 26ರ ಬೆಳಿಗ್ಗೆ ಭೂಮಿ ನಡುಗಿ ಸುನಾಮಿ ಬಂತು, ಫೋನುಗಳು ಕೈಕೊಟ್ಟವು. ಅವರು ಆಟ ನಿಲ್ಲಿಸಿ ಅದೇ ಸೆಟ್, ಅದೇ ಆಂಟೆನಾದಲ್ಲಿ ಸಾವಿರ ಕಿಲೋಮೀಟರಿಗೂ ಆಚೆಯ ಮುಖ್ಯಭೂಮಿಗೆ ಸುದ್ದಿ ದಾಟಿಸತೊಡಗಿದರು. ತುರ್ತಿಗೆ ಅಂತ ಬೇರೆ ಸೆಟ್ ಕಟ್ಟಿ ಅಟ್ಟದ ಮೇಲೆ ಇಡುವವರಿಗೆ ನಾನು ಈ ಕತೆ ಹೇಳುತ್ತೇನೆ. ದಿನಾ ಬಳಸುವ ಸೆಟ್ಟೇ ಆ ದಿನಕ್ಕೂ ಬರುವುದು.

ಅಂಗಡಿಯ ರಿಗ್, ಇಲ್ಲಾ ಕಿಟ್

ಎಚ್‌ಎಫ್‌ನ ಕಷ್ಟ ಬೆಲೆ. ಜಪಾನಿನ ಯಾಯೆಸು (Yaesu), ಐಕಾಮ್ ಥರದ ಕಂಪನಿಗಳ ನೂರು ವಾಟ್ ರಿಗ್, ಅಂದರೆ ಕಟ್ಟಿ ತಯಾರಾದ ಸೆಟ್, ಹೊಸದು ಅಂದರೆ ಲಕ್ಷದ ಮಾತು. ಸೆಕೆಂಡ್ ಹ್ಯಾಂಡ್ ಅರ್ಧಕ್ಕೆ ಸಿಗಬಹುದು, ಆದರೆ ಕ್ಲಬ್ಬಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಲೈಸೆನ್ಸ್ ಇರುವವರಿಂದಲೇ ತಗೊಳ್ಳಿ, ಕಾಗದಪತ್ರ ಇಟ್ಟುಕೊಳ್ಳಿ.

ಇನ್ನೊಂದು ದಾರಿ ನಮ್ಮ ನೆರೆಯದ್ದೇ. ಹೈದರಾಬಾದಿನ ಅಶ್ಹರ್ ಫರ್ಹಾನ್, ವಿಯು2ಇಎಸ್‌ಇ, ಬಿಟ್‌ಎಕ್ಸ್ ಅನ್ನುವ ಸೆಟ್ಟಿನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟರು. ಸುಲಭವಾಗಿ ಸಿಗುವ ಬಿಡಿಭಾಗಗಳಲ್ಲೇ ಕಟ್ಟುವ ಹಾಗೆ ಮಾಡಿದ ವಿನ್ಯಾಸ. ಅದರ ಮುಂದಿನ ರೂಪ ಮೈಕ್ರೊಬಿಟ್‌ಎಕ್ಸ್ ಹತ್ತು ವಾಟ್ ಆಸುಪಾಸಿನದು, ಬೇರೆ ಬೇರೆ ಬ್ಯಾಂಡುಗಳಲ್ಲಿ ಕೆಲಸ ಮಾಡುತ್ತದೆ. ಜಗತ್ತಿನಾದ್ಯಂತ ಜನ ಕಟ್ಟಿಕೊಂಡಿದ್ದಾರೆ. ಸಾಲ್ಡರಿಂಗ್ ಹಿಡಿಯಲು ಬಂದರೆ, ಕೆಟ್ಟರೆ ಬಿಚ್ಚಿ ನೋಡುವ ಬುದ್ಧಿ ಇದ್ದರೆ ನನ್ನ ಓಟು ಇದಕ್ಕೆ. ಗುಂಡಿ ಒತ್ತಿದರೆ ಕೆಲಸ ಆಗಬೇಕು, ತಲೆನೋವು ಬೇಡ ಅನ್ನುವವರು ಅಂಗಡಿಯ ರಿಗ್‌ಗೇ ಹೋಗಲಿ. ಅದರಲ್ಲಿ ಅವಮಾನ ಏನಿಲ್ಲ.

ತುರ್ತಿನ ಕಣ್ಣಿನಿಂದ ನೋಡಿದರೆ ಚಿಕ್ಕ ಸೆಟ್‌ಗೆ ಇನ್ನೊಂದು ಗುಣ ಇದೆ. ನೂರು ವಾಟ್ ರಿಗ್ ಬರೀ ಕೇಳುವುದಕ್ಕೇ ಸುಮಾರು ಒಂದು ಆಂಪಿಯರ್ ಕುಡಿಯುತ್ತದೆ, ಪೂರ್ತಿ ಶಕ್ತಿಯಲ್ಲಿ ಮಾತಾಡುವಾಗ ಇಪ್ಪತ್ತು. ಕಾರಿನ ಬ್ಯಾಟರಿ ಇಲ್ಲದೆ ಆಗದ ಮಾತು. ಹತ್ತು ವಾಟ್‌ನ ಸೆಟ್‌ಗೆ ಯುಪಿಎಸ್‌ನಲ್ಲಿ ಬರುವ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಸಾಕು. ಹಿಡಿತವಾಗಿ ಬಳಸಿದರೆ ಒಂದು ದಿನ ದೂಡಬಹುದು, ಮೇಲೆ ಒಂದು ಚಿಕ್ಕ ಸೋಲಾರ್ ಹಲಗೆ ಇದ್ದರೆ ಇನ್ನೂ ಜಾಸ್ತಿ. ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ಅಂದರೆ ನಗಬೇಡಿ, ಮೋಡದಲ್ಲೂ ಚೂರುಪಾರು ಬರುತ್ತದೆ.

ಯಾವ ದಾರಿ ಹಿಡಿದರೂ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ. ತಿಂಗಳಿಗೊಂದು ಸಂಜೆ ಮೇನ್ ಸ್ವಿಚ್ ಆಫ್ ಮಾಡಿ, ವೈಫೈ ಇಲ್ಲ, ಮೊಬೈಲ್ ಪಕ್ಕಕ್ಕೆ. ಬ್ಯಾಟರಿಯಲ್ಲೇ ಸೆಟ್ ಹಾಕಿ, ಮೊದಲೇ ಹೇಳಿಟ್ಟ ಹೊತ್ತಿಗೆ, ಹೇಳಿಟ್ಟ ಫ್ರೀಕ್ವೆನ್ಸಿಯಲ್ಲಿ ಒಬ್ಬರನ್ನು ಕರೆಯಿರಿ. ನಾನು ಮೊದಲ ಸಲ ಮಾಡಿದಾಗ ಸೆಟ್ ಸರಿಯಿತ್ತು, ಬ್ಯಾಟರಿ ಸರಿಯಿತ್ತು, ಗೆಳೆಯನೂ ಹೊತ್ತಿಗೆ ಸರಿಯಾಗಿ ಬಂದ. ಅವನು ಹೇಳಿದ ಸಂದೇಶ ಬರೆದುಕೊಳ್ಳಬೇಕು, ಕತ್ತಲಲ್ಲಿ ಪೆನ್ನು ಎಲ್ಲಿದೆ ಅಂತ ಕಾಣಲಿಲ್ಲ. ಈಗ ಸೆಟ್‌ನ ಹಿಡಿಗೆ ಒಂದು ಟಾರ್ಚು, ದಾರ ಕಟ್ಟಿದ ಒಂದು ಪೆನ್ಸಿಲ್ಲು ಸದಾ ನೇತಾಡುತ್ತಿರುತ್ತವೆ. ಪೆನ್ನಲ್ಲ, ಪೆನ್ಸಿಲ್ಲೇ, ನಮ್ಮ ಕಡೆಯ ಮಳೆಗಾಲದ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ.